ಮಗು ಹೇಳಲಿ ಎಂದು ಕಾಯುವುದೇಕೆ?

ಕಣ್ಣು ಮಂಜಾಗಿದೆ ಎಂದು ದೊಡ್ಡವರು ಹೇಳಿಕೊಳ್ಳುತ್ತಾರೆ. ಮೊದಲು ಚೆನ್ನಾಗಿ ಕಾಣುತ್ತಿದ್ದುದು ಅವರಿಗೆ ನೆನಪಿರುತ್ತದೆ. ಹುಟ್ಟಿದಾಗಿನಿಂದ ಮಂಜಾಗಿಯೇ ಕಾಣುವ ಮಗುವಿಗೆ ಹೋಲಿಸಿ ನೋಡಲು ಬೇರೇನೂ ಇಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಎಂದೇ ಅದು ನಂಬಿರುತ್ತದೆ. 'ತೊಂದರೆ ಇದ್ದಿದ್ದರೆ ಹೇಳುತ್ತಿರಲಿಲ್ಲವೇ?' ಎಂದು ಕೇಳುವ ಹೆತ್ತವರು ಮಗುವಿನಿಂದ ಆಗದ ಕೆಲಸವನ್ನು ಅದರ ತಲೆಗೆ ಕಟ್ಟುತ್ತಿದ್ದಾರೆ.

ಎರಡೂ ಕಣ್ಣು ಮಂದವಾಗಿದ್ದರೆ ಒಂದಲ್ಲ ಒಂದು ದಿನ ಯಾರಾದರೂ ಗಮನಿಸಿಯಾರು. ಮಗು ಟಿವಿಯ ಹತ್ತಿರ ಹತ್ತಿರ ಹೋಗುತ್ತದೆ, ಕಣ್ಣು ಕಿರಿದು ಮಾಡಿ ಬೋರ್ಡು ನೋಡುತ್ತದೆ, ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತದೆ. ಆಗಲೂ ಮೇಷ್ಟ್ರ ಬಾಯಲ್ಲಿ ಮೊದಲು ಬರುವುದು 'ಗಮನ ಇಲ್ಲ' ಎಂಬ ದೂರು. ಅವನನ್ನು ಮುಂದಿನ ಬೆಂಚಿಗೆ ಕೂರಿಸಿದರೆ ಒಳ್ಳೆಯದೇ ಮಾಡಿದಂತೆ ಕಾಣುತ್ತದೆ, ಆದರೆ ದೋಷ ಇನ್ನೂ ಒಂದು ವರ್ಷ ಮರೆಯಾಗಿಯೇ ಉಳಿಯುತ್ತದೆ.

ನನಗೆ ಹೆಚ್ಚು ಆತಂಕ ಒಂದೇ ಕಣ್ಣು ಮಂದವಾಗಿರುವ ಮಕ್ಕಳದು. ಅವರು ಓಡುತ್ತಾರೆ, ಓದುತ್ತಾರೆ, ಚೆಂಡು ಹಿಡಿಯುತ್ತಾರೆ. ಎಲ್ಲವನ್ನೂ ಒಳ್ಳೆಯ ಕಣ್ಣು ನಿಭಾಯಿಸುತ್ತದೆ. ಇತ್ತ ಮೆದುಳು ಮಸುಕಾದ ಕಣ್ಣಿನಿಂದ ಬಂದ ಚಿತ್ರವನ್ನು ತಳ್ಳಿಹಾಕುತ್ತ ಹೋಗುತ್ತದೆ. ಇದನ್ನೇ 'ಸೋಮಾರಿ ಕಣ್ಣು' ಎನ್ನುವುದು. ವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ಕೆಲವು ತಿಂಗಳ ಬಳಿಕ ಬಿಚ್ಚಿ ನೋಡಿದರು. ಕಣ್ಣಿಗೆ ಏನೂ ಆಗಿರಲಿಲ್ಲ; ಆದರೆ ಮೆದುಳಿನ ದೃಷ್ಟಿಕೋಶಗಳು ಆ ಕಣ್ಣಿಗೆ ಸ್ಪಂದಿಸುವುದನ್ನು ಬಹುಮಟ್ಟಿಗೆ ಬಿಟ್ಟಿದ್ದವು. ಬೆಳೆದ ಬೆಕ್ಕಿಗೆ ಹೀಗೆ ಮಾಡಿದಾಗ ಅಂಥ ಹಾನಿ ಆಗಲಿಲ್ಲ. ದೃಷ್ಟಿಯ ಕುರಿತ ಸಂಶೋಧನೆಗಾಗಿ ಅವರಿಗೆ 1981ರಲ್ಲಿ ನೊಬೆಲ್ ಬಂತು. ನೋಡುವುದನ್ನು ಮೆದುಳು ಕಲಿಯಬೇಕು, ಅದಕ್ಕೊಂದು ವಯಸ್ಸಿದೆ. ಏಳು ವರ್ಷದೊಳಗೆ ಪತ್ತೆಯಾದರೆ ಕನ್ನಡಕದಿಂದ, ಬೇಕಾದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸುವುದರಿಂದ ಹೆಚ್ಚಿನವರ ದೃಷ್ಟಿ ಸುಧಾರಿಸುತ್ತದೆ. ಆಮೇಲೂ ಪ್ರಯತ್ನಿಸಬಹುದು, ಫಲ ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ. 'ಮೆಳ್ಳೆಗಣ್ಣು ಅದೃಷ್ಟ, ದೊಡ್ಡವನಾದ ಮೇಲೆ ಸರಿಹೋಗುತ್ತದೆ' ಎಂದು ಹಿರಿಯರು ಹೇಳುವ ಸಮಾಧಾನ ಈ ಕಾರಣಕ್ಕೇ ಅಪಾಯಕಾರಿ. ಮೆಳ್ಳೆಗಣ್ಣು ಸೋಮಾರಿ ಕಣ್ಣಿಗೆ ಒಂದು ಮುಖ್ಯ ಕಾರಣ.

ಎಲ್ಲ ಮಕ್ಕಳನ್ನೂ ಪರೀಕ್ಷಿಸಲು ಅಷ್ಟು ಕಣ್ಣಿನ ವೈದ್ಯರು ಎಲ್ಲಿದ್ದಾರೆ ಎಂದು ಕೇಳಬಹುದು. ಮೊದಲ ಜರಡಿಗೆ ವೈದ್ಯರೇ ಬೇಕಾಗಿಲ್ಲ. ಆರು ಮೀಟರ್ ಜಾಗ, ಇಂಗ್ಲಿಷಿನ 'ಇ' ಅಕ್ಷರವನ್ನು ಬೇರೆ ಬೇರೆ ಕಡೆಗೆ ತಿರುಗಿಸಿ ಬರೆದ, ಗೋಡೆಗೆ ಹಾಕುವ ಒಂದು ಪಟ್ಟಿ, ತರಬೇತಾದ ಒಬ್ಬ ಶಿಕ್ಷಕಿ ಸಾಕು. ಅಕ್ಷರ ಬಾರದ ಮಗುವೂ 'ಇ'ಯ ಕಾಲುಗಳು ಯಾವ ಕಡೆಗಿವೆ ಎಂದು ಕೈಯಲ್ಲಿ ತೋರಿಸಬಲ್ಲದು. ಒಂದೊಂದೇ ಕಣ್ಣನ್ನು ಪರೀಕ್ಷಿಸಬೇಕು, ಮುಚ್ಚುವಾಗ ಅಂಗೈಯಿಂದ ಮುಚ್ಚಬೇಕು. ಬೆರಳಿಂದ ಮುಚ್ಚಿದರೆ ಮಕ್ಕಳು ಸಂದಿಯಿಂದ ಇಣುಕುತ್ತಾರೆ. ಇನ್ನೂ ಚಿಕ್ಕ ಮಗುವಾದರೆ ಆಟವಾಡಿಸುತ್ತ ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಎಡಗಣ್ಣು ಮುಚ್ಚಿದಾಗ ಸುಮ್ಮನಿದ್ದ ಮಗು ಬಲಗಣ್ಣು ಮುಚ್ಚಿದೊಡನೆ ರಚ್ಚೆ ಹಿಡಿದು, ಪ್ರತಿ ಸಲವೂ ನಿಮ್ಮ ಕೈ ತಳ್ಳಿದರೆ ಎಡಗಣ್ಣನ್ನು ವೈದ್ಯರಿಗೆ ತೋರಿಸಲೇಬೇಕು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಪಾಪೆ ಬೆಳ್ಳಗೆ ಹೊಳೆದರಂತೂ ತಡಮಾಡುವಂತಿಲ್ಲ. ಅದು ಕಣ್ಣಿನ ಕ್ಯಾನ್ಸರಿನ ಗುರುತೂ ಆಗಿರಬಹುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಹೋಗಬೇಕು. ಸಾಲ ಮಾಡಿ ಮಗುವನ್ನು ಖಾಸಗಿ ನರ್ಸರಿಗೆ ಸೇರಿಸಿದವರಿಗೆ ಆ ಆಸರೆಯೂ ಇಲ್ಲ. ಎಲ್‌ಕೆಜಿಗೆ ಸೇರಿಸುವಾಗ ಜನನ ಪ್ರಮಾಣಪತ್ರ ಕೇಳುವ ಶಾಲೆಗಳು ಎರಡೂ ಕಣ್ಣಿನ ಪರೀಕ್ಷೆಯ ಚೀಟಿಯನ್ನೂ ಕೇಳಲಿ. ಅದು ಇಲ್ಲವೆಂದು ಸೀಟು ನಿರಾಕರಿಸುವುದು ಬೇಡ, ಶಾಲೆಯಲ್ಲೇ ಪರೀಕ್ಷೆ ಮಾಡಿಸಲಿ.

ಇಷ್ಟಾದರೂ ಕನ್ನಡಕ ಬ್ಯಾಗಿನಲ್ಲೇ ಉಳಿಯುವುದುಂಟು. ಹೆಣ್ಣುಮಗುವಿಗೆ ಕನ್ನಡಕ ಹಾಕಿದರೆ ನಾಳೆ ಗಂಡು ಸಿಗುವುದು ಕಷ್ಟ ಎಂದು ಅಳುಕುವ ಮನೆಗಳಿವೆ. ಸಹಪಾಠಿಗಳು 'ಸೋಡಾಬುಡ್ಡಿ' ಎಂದು ರೇಗಿಸುತ್ತಾರೆ. ಮಗು ಬೆಳೆದಂತೆ ಪವರ್ ಬದಲಾಗುತ್ತದೆ, ಫ್ರೇಮು ಮುರಿಯುತ್ತದೆ. ಆದ್ದರಿಂದ ಕನ್ನಡಕ ಹಂಚಿದ ತಂಡವೇ ಮೂರು ತಿಂಗಳ ನಂತರ ಅದೇ ತರಗತಿಗೆ ಬಂದು, ಎಷ್ಟು ಮಕ್ಕಳು ಅದನ್ನು ಹಾಕಿಕೊಂಡು ಕೂತಿದ್ದಾರೆ ಎಂದು ಎಣಿಸಿ, ಹಾಕದವರ ಮನೆಗೆ ಹೋಗಿ ತಾಯಿಯೊಂದಿಗೆ ಮಾತಾಡಬೇಕು.