ಮಣ್ಣಿಗೆ ಸಲ್ಲಬೇಕಾದ ದಾಸೋಹ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಸದ್ಭಕ್ತರು ದಾಸೋಹಕ್ಕೆ ಹೆಸರಾದವರು. ಜಾತ್ರೆ ಬಂದಿತೆಂದರೆ ಜೋಳ, ಬೇಳೆ, ಬೆಲ್ಲಗಳ ಚೀಲಗಳು ಮಠಕ್ಕೆ ತಾವಾಗಿಯೇ ಬರುತ್ತವೆ. ಆದರೆ ಆ ಜೋಳವನ್ನು ಕೊಟ್ಟ ಭೂಮಿಗೆ ತಿರುಗಿ ಸಂದುದೇನು? ಕೇಳಿದರೆ ಅನೇಕರು ಯೂರಿಯಾ ಚೀಲದತ್ತ ಬೆರಳು ತೋರುತ್ತಾರೆ. ಅದು ಉತ್ತರವಲ್ಲ. 45 ಕಿಲೋದ ಚೀಲದಲ್ಲಿ ಹೆಚ್ಚುಕಡಿಮೆ 21 ಕಿಲೋ ಸಾರಜನಕವಿದೆ. ಅದು ಬೆಳೆಯ ಉಣಿಸು, ಮಣ್ಣಿನದಲ್ಲ. ಮಣ್ಣಿನೊಳಗಣ ಕೋಟ್ಯಂತರ ಜೀವಿಗಳು ಬದುಕುವುದು ಕೊಳೆತ ಸೊಪ್ಪು, ಬೇರು, ತಿಪ್ಪೆಗೊಬ್ಬರಗಳಿಂದ. ಅವು ಇದ್ದಲ್ಲಿ ಎರೆಭೂಮಿಯು ಮಳೆಯನ್ನು ಹೀರಿ ಹಿಡಿದಿಡುತ್ತದೆ. ಇಲ್ಲದಲ್ಲಿ ನೀರು ಮೇಲ್ಪದರನ್ನೇ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ನವಿಲುತೀರ್ಥದ ಅಣೆಕಟ್ಟಿನ ಹಿಂದೆ ಕುಳಿತ ಹೂಳು ಆಕಾಶದಿಂದ ಬಿದ್ದುದಲ್ಲ. ಖಾನಾಪುರ, ಕಿತ್ತೂರು, ಬೈಲಹೊಂಗಲಗಳ ಹೊಲಗಳ ಕೆನೆ ಅದರಲ್ಲಿದೆ.

ಇನ್ನು ರವದಿಯ ಮಾತು. ಮಲಪ್ರಭೆಯ ದಂಡೆಯಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಡುವುದು ಒಂದು ಪದ್ಧತಿಯೇ ಆಗಿಹೋಗಿದೆ. ಎಕರೆಗೆ 3-4 ಟನ್ ರವದಿ! ಸುಟ್ಟೊಡನೆ ಅದರ ಇಂಗಾಲ, ಸಾರಜನಕ, ಗಂಧಕಗಳು ಬಹುಪಾಲು ಹೊಗೆಯಾಗಿ ಹೋಗುತ್ತವೆ. ಉಳಿದ ಬೂದಿಯಲ್ಲಿಯೂ ಗಾಳಿಯ ಪಾಲು ಕಡಿಮೆಯೇನಲ್ಲ. ಕಾಯಕದಿಂದ ಬೆಳೆದುದನ್ನು ಅರ್ಧ ಗಂಟೆಯಲ್ಲಿ ಸುಟ್ಟು, ಮರುವಾರ ಗೊಬ್ಬರದಂಗಡಿಯ ಮುಂದೆ ಸರದಿಯಲ್ಲಿ ನಿಲ್ಲುವುದನ್ನು ಏನೆಂದು ಕರೆಯೋಣ? "ಅಜ್ಜಾರ, ರವದಿ ಇದ್ರ ನೀರು ಹಾಯಂಗಿಲ್ಲ, ಆಳೂ ಸಿಗಂಗಿಲ್ಲ" ಎನ್ನುವರು. ಆಳಿನ ಕೊರತೆ ನಿಜ, ಅದನ್ನು ಅಲ್ಲಗಳೆಯೆವು. ಆದರೆ ನೀರಿನ ನೆಪ ನಿಲ್ಲದು. ಸಾಲು ಬಿಟ್ಟು ಸಾಲಿನಲ್ಲಿ ರವದಿ ಹಾಸಿದರೆ ಖಾಲಿ ಸಾಲಿನಲ್ಲಿ ನೀರು ಸರಾಗವಾಗಿ ಹಾಯುತ್ತದೆ, ಹಾಸಿದ ಸಾಲಿನಲ್ಲಿ ಕಳೆಯೂ ಏಳದು. ಕೊಳೆಯುವ ಮೊದಲ ದಿನಗಳಲ್ಲಿ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಎಳೆದುಕೊಳ್ಳುವುದರಿಂದ, ಸೆಗಣಿ ಕದಡಿದ ನೀರನ್ನೋ ಸ್ವಲ್ಪ ಯೂರಿಯಾವನ್ನೋ ಮೇಲೆ ಕೊಡಬೇಕು. ಸವದತ್ತಿ, ರಾಮದುರ್ಗಗಳ ಒಣಬೇಸಾಯದವರಿಗೆ ಬೇರೆ ದಾರಿಯುಂಟು: ಮಳೆ ಒದಗಿದ ವರ್ಷ ಮುಂಗಾರಿನಲ್ಲಿ ಹೊಲವನ್ನು ಬರಿದೇ ಬಿಡದೆ ಹೆಸರು ಬಿತ್ತಿ, ಕಾಯಿ ಬಿಡಿಸಿ, ಗಿಡವನ್ನು ಮಣ್ಣಿಗೆ ಸೇರಿಸಿ ಹಿಂಗಾರಿಗೆ ಬಿಳಿಜೋಳ ಹಾಕುವುದು. ಇದು ಹಿರಿಯರಿಗೆ ಗೊತ್ತಿದ್ದುದೇ.

ಯೂರಿಯಾ ಎಂದೊಡನೆ ನೈಸರ್ಗಿಕ ಕೃಷಿಯ ಕೆಲವು ಉತ್ಸಾಹಿಗಳು ಮುಖ ಸಿಂಡರಿಸಬಹುದು. ಅವರಿಗೂ ಒಂದು ಮಾತು ಹೇಳಬೇಕಾಗಿದೆ. 2021ರಲ್ಲಿ ಶ್ರೀಲಂಕಾ ಸರಕಾರವು ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿತು; ಭತ್ತ, ಚಹಗಳ ಇಳುವರಿ ಕುಸಿದು ಅದೇ ವರ್ಷದ ನವೆಂಬರಿನಲ್ಲಿ ಹಿಂದೆಗೆಯಬೇಕಾಯಿತು. ದಶಕಗಳ ಕಾಲ ಹಸಿದ ಮಣ್ಣು ಒಂದು ಭಾಷಣಕ್ಕೆ ಚೇತರಿಸಿಕೊಳ್ಳುವುದಿಲ್ಲ. ಮೊದಲು ಮಣ್ಣಿಗೆ ಕೊಡಿರಿ, ಆಮೇಲೆ ಚೀಲಗಳನ್ನು ಕಡಿಮೆ ಮಾಡಿರಿ.

ಆದರೆ ನಮ್ಮ ನಿಜವಾದ ಜಗಳ ಹೊಲದಲ್ಲಿ ದುಡಿಯುವವನೊಂದಿಗಲ್ಲ. ಮಠದ ಪ್ರಸಾದನಿಲಯದಲ್ಲಿ ಉಂಡು, ಕಲಿತು, ಇಂದು ಧಾರವಾಡ, ಬೆಳಗಾವಿ, ಬೆಂಗಳೂರುಗಳಲ್ಲಿ ಸಂಬಳದಲ್ಲಿರುವ ಹಳೆಯ ವಿದ್ಯಾರ್ಥಿಗಳೇ, ನಿಮ್ಮೊಂದಿಗೆ. ಊರಲ್ಲಿಯ ನಿಮ್ಮ ಹೊಲ ಲಾವಣಿಯಲ್ಲಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಯನ್ನು ನಿಷೇಧಿಸಿತು. ಅಂದಿನಿಂದ ಲಾವಣಿ ಬಾಯಿಮಾತಿನದು. ಒಬ್ಬನೇ ಬಹುಕಾಲ ಉತ್ತರೆ ಹಕ್ಕು ಕೇಳಿಯಾನೆಂಬ ಅಂಜಿಕೆಯಿಂದ ನೀವು ವರ್ಷಕ್ಕೊಬ್ಬನನ್ನು ಬದಲಿಸುತ್ತೀರಿ. ಮುಂದಿನ ಯುಗಾದಿಗೆ ಬಿಡಬೇಕಾದ ಹೊಲಕ್ಕೆ ಯಾವ ಬಡವ ತಿಪ್ಪೆಗೊಬ್ಬರ ಹೇರಿಯಾನು? ಯಾರಿಗಾಗಿ ಒಡ್ಡು ಕಟ್ಟಿಯಾನು? ಅವನು ಯೂರಿಯಾ ಎರಚಿ, ಬಂದಷ್ಟು ಬಾಚಿಕೊಂಡು ಹೋಗುತ್ತಾನೆ. ಅದು ಅವನ ದುರಾಸೆಯಲ್ಲ, ನಿಮ್ಮ ಅಪನಂಬಿಕೆಯ ಫಲ. ಕಾಯ್ದೆಗೆ ಹೊರತಾಗಿ ಲಾವಣಿಯ ಹಣವನ್ನು ಎಣಿಸಿಕೊಳ್ಳುವಾಗ ಇಲ್ಲದ ಕಾಯ್ದೆಯ ನೆನಪು, ಗೊಬ್ಬರದ ಖರ್ಚು ಕೇಳಿದಾಗ ಮಾತ್ರ ಏಕೆ ಬರುತ್ತದೆ?

ಬರುವ ಯುಗಾದಿಗೆ ಊರಿಗೆ ಬಂದಾಗ, ಹೊಲ ಮಾಡುವವನನ್ನು ಬಿಡಿಸುವ ಮೊದಲು ಹೊಲದ ಮಣ್ಣನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿರಿ. ಗೊಬ್ಬರದ ಖರ್ಚಿನಲ್ಲಿ ಅರ್ಧವನ್ನು ನೀವು ಹೊರುವುದಾಗಿ ಅವನಿಗೆ ಹೇಳಿರಿ. ಮಠಗಳ ಹೊಲಗಳಿಗೂ ಇದೇ ನಿಯಮ. ಅಲ್ಲಿ ರವದಿ ಹೊತ್ತಿ ಉರಿಯುವುದನ್ನು ಕಂಡರೆ, ಭಕ್ತರು ನಮ್ಮ ಗದ್ದುಗೆಯ ಮುಂದೆಯೇ ನಿಂತು ಕೇಳಲಿ.