ಐದು ಸೆಂಟ್ಸ್ ಜಾಗದ ಹಿಂದಿನ ಐವತ್ತು ವರ್ಷ

ಮಣಿಪಾಲದ ಗುಡ್ಡ ತುಂಬಿದ ಮೇಲೆ ಮನೆ ಕಟ್ಟುವವರ ಕಣ್ಣು ಪರ್ಕಳದತ್ತ, ಅಲ್ಲಿಂದ ಮುಂದೆ ಹಿರಿಯಡ್ಕದತ್ತ ಹೊರಳಿದೆ. ರಾಷ್ಟ್ರೀಯ ಹೆದ್ದಾರಿ 169ಎ ಆಸುಪಾಸಿನ ಗದ್ದೆ, ಹಕ್ಕಲು, ಗೇರುಗುಡ್ಡಗಳು ಐದಾರು ಸೆಂಟ್ಸಿನ ನಿವೇಶನಗಳಾಗುತ್ತಿವೆ. ಜಾಗ ನೋಡಲು ಬಂದವರು ಏಪ್ರಿಲಿನಲ್ಲೂ ಬಾವಿಯಲ್ಲಿ ನೀರಿರುತ್ತದೆಯೇ ಎಂದು ಕೇಳುತ್ತಾರೆ, ವಾಸ್ತು ತೋರಿಸುತ್ತಾರೆ, ನಾಗಬನ ಹತ್ತಿರವಿದೆಯೇ ಎಂದು ವಿಚಾರಿಸುತ್ತಾರೆ. ಎಲ್ಲ ಒಪ್ಪಿಗೆಯಾದ ಮೇಲೆ ಅಡ್ವಾನ್ಸ್ ಕೊಟ್ಟು, ಅನಂತರ ‘ಪೇಪರ್ ಎಲ್ಲ ಕ್ಲಿಯರ್ ಉಂಟಲ್ಲ?’ ಎನ್ನುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು. ಕಾಗದ ಮೊದಲು, ಹಣ ಆಮೇಲೆ. ಅದರಲ್ಲೂ ಉಡುಪಿ ಜಿಲ್ಲೆಯಲ್ಲಿ ಹತ್ತಿಪ್ಪತ್ತು ವರ್ಷದ ಋಣಭಾರ ಪತ್ರವೊಂದನ್ನು ನೋಡಿ ತೃಪ್ತರಾಗುವುದು ಸಾಲದು. ಮಾರುವವರ ಹಕ್ಕು ಎಲ್ಲಿ ಹುಟ್ಟಿತೋ ಅಲ್ಲಿಯವರೆಗೆ ಕೊಳ್ಳುವವರೇ ಹಿಂದೆ ಹೋಗಿ ಓದಬೇಕು ಎಂಬುದು ನನ್ನ ವಾದ.

ಸಬ್ ರಿಜಿಸ್ಟ್ರಾರ್ ಮುದ್ರೆ ಒತ್ತಿದರೆಂದರೆ ಸರಕಾರವೇ ಜಾಗಕ್ಕೆ ಜವಾಬು ಕೊಟ್ಟಂತೆ ಎಂದು ಬಹಳ ಜನ ತಿಳಿದಿದ್ದಾರೆ. 1908ರ ನೋಂದಣಿ ಕಾಯಿದೆ ಹಾಗೆ ಹೇಳುವುದಿಲ್ಲ. ಅಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಒಡೆತನವಲ್ಲ; ಮಾರುವವನಿಗೆ ಮಾರುವ ಹಕ್ಕಿತ್ತೇ ಎಂಬುದರ ಭರವಸೆಯನ್ನು ಕಚೇರಿ ಕೊಡುವುದಿಲ್ಲ. ಇನ್ನೊಂದೆಡೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 3ನೇ ಕಲಮು ಬಹಳ ಕಟ್ಟುನಿಟ್ಟಿನದು: ನೋಂದಣಿಯಾದ ಪತ್ರದಲ್ಲಿ ಇರುವುದು ಕೊಳ್ಳುವವನಿಗೆ ಗೊತ್ತಿತ್ತು ಎಂದೇ ಕಾನೂನು ಭಾವಿಸುತ್ತದೆ, ಅವನು ಅದನ್ನು ಕಣ್ಣಿನಿಂದ ನೋಡದಿದ್ದರೂ. ಕೋರ್ಟಿನಲ್ಲಿ ದಾವೆ ನಡೆಯುತ್ತಿರುವಾಗ ಕೊಂಡ ಜಾಗಕ್ಕೂ ಹಾಗೆಯೇ, ತೀರ್ಪು ಬಂದಾಗ ಅದು ಕೊಂಡವನ ತಲೆಯ ಮೇಲೆಯೇ ಬೀಳುತ್ತದೆ. ಇಷ್ಟು ದೊಡ್ಡ ಹೊರೆ ಹೊರಿಸುವ ಕಾನೂನೇ ಅದಕ್ಕೆ ತಕ್ಕ ಬಾಗಿಲನ್ನೂ ತೆರೆದಿಟ್ಟಿದೆ. ಸ್ಥಿರಾಸ್ತಿಯ ಪತ್ರಗಳಿರುವ 1ನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ನೋಂದಣಿಯಾದ ವೀಲುನಾಮೆಯ ನಕಲನ್ನು ಬರೆದವರು ತೀರಿಕೊಂಡ ಮೇಲೆ ಯಾರು ಬೇಕಾದರೂ ಪಡೆಯಬಹುದು. ನೋಡದೆ ಇದ್ದವರಿಗೆ ‘ಗೊತ್ತಿರಲಿಲ್ಲ’ ಎನ್ನುವ ದಾರಿ ಉಳಿದಿಲ್ಲ.

ಎಷ್ಟು ಹಿಂದಕ್ಕೆ ನೋಡಬೇಕು ಎಂಬುದಕ್ಕೆ ಉತ್ತರ ನಮ್ಮ ನೆಲದ ಚರಿತ್ರೆಯಲ್ಲಿದೆ. 1956ರ ನವೆಂಬರ್ 1ರವರೆಗೆ ಈ ಸೀಮೆ ಮದರಾಸಿನ ಆಡಳಿತದಲ್ಲಿತ್ತು. ಇಲ್ಲಿನ ಭೂಮಿ ಸರಕಾರಕ್ಕೆ ಕಂದಾಯ ಕಟ್ಟುವ ವರ್ಗದಾರರದು. ಅವರ ಕೆಳಗೆ ಮೂಲಗೇಣಿಯವರು, ಚಾಲಗೇಣಿಯವರು, ವಾಯಿದೆಗೇಣಿಯವರು. ಭೂಸುಧಾರಣೆ ಕಾಯಿದೆಯ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿ ಭೂಮಿ ಸರಕಾರಕ್ಕೆ ಸೇರಿತು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಆದೇಶ ಪಡೆದು, ನಮೂನೆ 10ರ ಪ್ರಮಾಣಪತ್ರದೊಂದಿಗೆ ಧನಿಗಳಾದರು. ಊರಿನವರು ಇಂದಿಗೂ ‘ಡಿಕ್ಲರೇಶನ್ ಜಾಗ’ ಎನ್ನುವುದು ಇದನ್ನೇ. ಉಳುವವನಿಗೆ ನೆಲ ಕೊಟ್ಟ ಆ ಕಾನೂನಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅರ್ಜಿಗೆ ಸಹಿ ಹಾಕಿದ್ದು ಅನೇಕ ಮನೆಗಳಲ್ಲಿ ಒಬ್ಬರೇ, ಹಿರಿಯಣ್ಣನೋ ಮಾವನೋ. ಗೇಣಿ ಮಾಡಿದ್ದು ಇಡೀ ಮನೆ. ಸಹಿ ಹಾಕಿದವರ ಮಕ್ಕಳು ಇಂದು ಜಾಗ ಮಾರಲು ಹೊರಟಾಗ ಅವರ ಚಿಕ್ಕಪ್ಪ, ಅತ್ತೆಯಂದಿರ ಮಕ್ಕಳಿಗೂ ಪಾಲಿದೆಯೇ ಎಂಬ ಪ್ರಶ್ನೆಗೆ ಉತ್ತರ ಆರ್‌ಟಿಸಿಯಲ್ಲಿ ಸಿಗುವುದಿಲ್ಲ. ಮಂಡಳಿಯ ಕಡತದಲ್ಲಿ, ಅರ್ಜಿದಾರ ಅಂದು ಕೊಟ್ಟ ಹೇಳಿಕೆಯಲ್ಲಿ ಸಿಗುತ್ತದೆ. ಆದೇಶದ ದಿನಾಂಕವೂ ಮುಖ್ಯ, ಅಂತಿಮ ಆದೇಶವಾದ 15 ವರ್ಷದೊಳಗೆ ಇಂಥ ಭೂಮಿಯನ್ನು ಪರಭಾರೆ ಮಾಡುವಂತಿಲ್ಲ.

ಇದರ ಮೇಲೆ ಅಳಿಯಕಟ್ಟಿನ ಮನೆಗಳ ಲೆಕ್ಕ ಬೇರೆ. ಕುಟುಂಬದ ಆಸ್ತಿಯ ಪಟ್ಟೆ ಯಜಮಾನನ ಹೆಸರಿನಲ್ಲಿದ್ದರೂ ಹಕ್ಕು ತಾಯಿಯ ಕವರಿನದು, ಅಂದರೆ ಆಕೆಯ ಸಂತತಿಯದು. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ಪಾಲಾಗುವ ಬಗೆ ಬದಲಾಯಿತು. ಹಾಗಾಗಿ ಒಂದು ತುಂಡು ಜಾಗಕ್ಕೆ ಮುಂಬೈಯಲ್ಲೊಬ್ಬರು, ದುಬೈಯಲ್ಲೊಬ್ಬರು, ಕಾರ್ಕಳದಲ್ಲಿ ಇಬ್ಬರು ಹಕ್ಕುದಾರರು ಇರುವುದು ಇಲ್ಲಿ ವಿಶೇಷವಲ್ಲ. ಮಕ್ಕಳಕಟ್ಟಿನ ಮನೆಗಳಲ್ಲೂ ಹೆಣ್ಣುಮಕ್ಕಳ ಪಾಲು 2005ರ ತಿದ್ದುಪಡಿಯಿಂದ ಗಟ್ಟಿಯಾಗಿದೆ. ತಂದೆ ಆಗ ಬದುಕಿರಲಿಲ್ಲ ಎಂಬ ನೆಪವೂ ನಡೆಯದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಾಲುಪಟ್ಟಿ, ಹಕ್ಕು ಬಿಡುಗಡೆ ಪತ್ರ, ಕುಟುಂಬದ ವಂಶವೃಕ್ಷ ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಯಾರ ಹೆಸರು ಬಿಟ್ಟುಹೋಗಿದೆ ಎಂದು ಸಾಮಾನ್ಯ ಓದುಗರಿಗೂ ಕಾಣುತ್ತದೆ. ಬಿಟ್ಟುಹೋದ ಹೆಸರು ಹೆಚ್ಚಾಗಿ ಒಬ್ಬ ತಂಗಿಯದೋ ಅಕ್ಕನದೋ ಆಗಿರುತ್ತದೆ.

ನೋಂದಣಿ ಕಚೇರಿಯ ಪುಸ್ತಕಕ್ಕೆ ಸಿಗದ ಸಂಗತಿಗಳೂ ಇವೆ. ವರ್ಗ ಜಾಗಕ್ಕೆ ಹೊಂದಿದ ಕುಮ್ಕಿಯಲ್ಲಿ ಸೊಪ್ಪು, ಸೌದೆಯ ಸವಲತ್ತು ಮಾತ್ರ ವರ್ಗದಾರರದು, ನೆಲ ಸರಕಾರದ್ದು. ಆದರೂ ‘ಹತ್ತು ಸೆಂಟ್ಸ್ ವರ್ಗ, ಹಿಂದೆ ಐದು ಸೆಂಟ್ಸ್ ಕುಮ್ಕಿ’ ಎಂದು ಸೇರಿಸಿ ಬೆಲೆ ಹೇಳುವುದು ಇಲ್ಲಿ ಮಾಮೂಲಾಗಿದೆ. ಡಿ.ಸಿ. ಮನ್ನಾ ಭೂಮಿ ದಲಿತರಿಗೆಂದು ಕಾದಿರಿಸಿದ್ದು. ಪರಿಶಿಷ್ಟರಿಗೆ ಮಂಜೂರಾದ ಜಾಗವನ್ನು ಸರಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಡಿ ಅದು ಮೂಲ ಮಂಜೂರಾತಿದಾರರಿಗೆ ಮರಳುತ್ತದೆ, ಮರಳಬೇಕಾದದ್ದೂ ಹೌದು. ಕಾರ್ಕಳದ ಕಡೆ ಪರಿಭಾವಿತ ಅರಣ್ಯದ ಪಟ್ಟಿ ನೋಡಬೇಕು. 2022ರಲ್ಲಿ ರಾಜ್ಯ ಸರಕಾರ 9.94 ಲಕ್ಷ ಹೆಕ್ಟೇರನ್ನು ಸುಮಾರು 3.3 ಲಕ್ಷಕ್ಕೆ ಇಳಿಸಿದ ಮೇಲೆ ಯಾವ ಸರ್ವೆ ನಂಬ್ರ ಒಳಗುಳಿಯಿತು, ಯಾವುದು ಹೊರಬಂತು ಎಂಬುದು ಅರಣ್ಯ ಇಲಾಖೆಯಲ್ಲಿದೆ. ಕಾಪುವಿನ ಕಡಲಂಚಿನಲ್ಲೂ ಉಬ್ಬರದ ನೀರು ಏರುವ ಹೊಳೆಬದಿಯಲ್ಲೂ ಸಿಆರ್‌ಝಡ್ ನಕ್ಷೆ ನೋಡದೆ ಪಾಯ ತೋಡುವುದು ದುಡ್ಡನ್ನು ಮರಳಿಗೆ ಸುರಿದಂತೆ. ಪರ್ಕಳ ಪೇಟೆಯಲ್ಲಿ ಹೆದ್ದಾರಿ ಅಗಲೀಕರಣ ಭೂಸ್ವಾಧೀನದ ತೊಡಕಿನಿಂದ ಎಷ್ಟು ಎಳೆಯಿತು ಎಂಬುದನ್ನು ಊರೇ ಕಂಡಿದೆ. ಹೆದ್ದಾರಿ ಕಾಯಿದೆಯ 3ಡಿ ಅಧಿಸೂಚನೆ ಪ್ರಕಟವಾದ ಕ್ಷಣ ಆ ನೆಲ ಕೇಂದ್ರ ಸರಕಾರದ್ದಾಗುತ್ತದೆ, ರಸ್ತೆಬದಿಯ ಮನೆ ಕೊಳ್ಳುವವರು ಮೊದಲು ಕೇಳಬೇಕಾದ ಕಾಗದ ಅದು.

ಉಳಿದ ಕಾಗದಗಳ ವಿಷಯ ಬೇಗ ಹೇಳಬಹುದು. ಆರ್‌ಟಿಸಿಯ 9ನೇ ಕಾಲಮ್ಮಿನ ಹೆಸರನ್ನಷ್ಟೇ ನೋಡಿ ಬಿಡದೆ 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರರ ಹಕ್ಕು ಓದಬೇಕು. ತುಂಡು ಜಾಗವಾದರೆ 11ಇ ನಕ್ಷೆ, ಕನ್ವರ್ಷನ್ ಆದೇಶ, ಪಂಚಾಯತಿನಲ್ಲಿ ನಮೂನೆ 9/11, ಪರ್ಕಳದಂತೆ ನಗರಸಭೆಯ ವ್ಯಾಪ್ತಿಯಲ್ಲಾದರೆ ಇ-ಖಾತೆ. ಖಾತೆಯೂ ಮುಟೇಷನ್ನೂ ತೆರಿಗೆ ಯಾರು ಕಟ್ಟಬೇಕೆಂದು ಹೇಳುತ್ತವೆಯೇ ಹೊರತು ಒಡೆತನ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಕೋರ್ಟಿನ ದಾವೆಗಳನ್ನು ಮಾರುವವರ ಹೆಸರಿನಲ್ಲಿ ಇ-ಕೋರ್ಟ್ಸ್ ತಾಣದಲ್ಲಿ ಹುಡುಕಬಹುದು. ಕಂದಾಯದ ತಕರಾರು ಕುಂದಾಪುರದ ಉಪವಿಭಾಗಾಧಿಕಾರಿಯ ಮುಂದಿರಬಹುದು, ಅಲ್ಲೂ ವಿಚಾರಿಸಬೇಕು.

‘ಇಷ್ಟೆಲ್ಲ ನೋಡಲು ವಕೀಲರಿದ್ದಾರಲ್ಲ, ಬ್ಯಾಂಕೇ ಸಾಲ ಕೊಟ್ಟಿದೆಯಲ್ಲ’ ಎಂಬುದು ಮೊದಲ ಆಕ್ಷೇಪ. ವಕೀಲರು ಬೇಕೇ ಬೇಕು. ಮಂಡಳಿಯ ಆದೇಶದ ಒಳಸುಳಿಗಳನ್ನು ಬಿಡಿಸಿ ಹೇಳುವವರು ಅವರೇ. ಆದರೆ ಅವರು ಅಭಿಪ್ರಾಯ ಬರೆಯುವುದು ಮುಂದೆ ಇಟ್ಟ ಕಾಗದಗಳ ಮೇಲೆ. ಆ ಕಾಗದಗಳನ್ನು ಆರಿಸಿ ತಂದವರು ಮಾರುವವರು ಅಥವಾ ಬ್ರೋಕರ್ ಆಗಿದ್ದರೆ ಅಭಿಪ್ರಾಯದ ವ್ಯಾಪ್ತಿಯೂ ಅಷ್ಟೇ. ಪ್ರಮಾಣಿತ ನಕಲುಗಳನ್ನು ಕೊಳ್ಳುವವರೇ ನೇರವಾಗಿ ಕಚೇರಿಯಿಂದ ತರಬೇಕೆನ್ನುವುದು ಇದಕ್ಕೇ. ಬ್ಯಾಂಕಿನ ಪರಿಶೀಲನೆ ಬ್ಯಾಂಕಿನ ಸಾಲ ಉಳಿಸಿಕೊಳ್ಳಲು ಮಾಡಿದ್ದು. ಹಕ್ಕು ಕೆಟ್ಟರೂ ಕಂತು ನಿಲ್ಲುವುದಿಲ್ಲ, ಸಾಲಗಾರ ತನ್ನ ಸಂಬಳದಿಂದ ಕಟ್ಟಲೇಬೇಕು.

ಎರಡನೆಯ ಆಕ್ಷೇಪ ಬಾಯಿಬಿಟ್ಟು ಯಾರೂ ಹೇಳದಿದ್ದರೂ ಇದೇ ಹೆಚ್ಚು ಭಾರದ್ದು. ಮಾರುವವರು ಪರಿಚಯದವರು, ಅದೇ ದೈವಸ್ಥಾನದ ಹತ್ತು ಸಮಸ್ತರು. ಅವರ ಅಜ್ಜನ ಕಡತ ತೆಗೆಸುವುದು ಅವಮಾನ ಮಾಡಿದಂತೆ ಎಂಬ ಸಂಕೋಚ. ಊರಿನ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಂಬಿಕೆ ಇರುವುದು ಎದುರಿಗಿರುವ ವ್ಯಕ್ತಿಯ ಮೇಲೆ. ದಾವೆ ಹೂಡುವವರು ಎಂದೂ ಊರಿಗೆ ಬಾರದ ಅವರ ಸೋದರಸಂಬಂಧಿ. ಪ್ರಾಮಾಣಿಕವಾಗಿ ಮಾರುವವರಿಗೂ ತಮ್ಮ ಪಾಲು ಎಷ್ಟೆಂಬುದು ಕೆಲವೊಮ್ಮೆ ಗೊತ್ತಿರುವುದಿಲ್ಲ. ಪರವೂರಿನಲ್ಲಿರುವ ಧನಿಯ ಪವರ್ ಆಫ್ ಅಟಾರ್ನಿ ಹಿಡಿದು ಬಂದವರ ವಿಷಯದಲ್ಲಂತೂ, ಕೊಟ್ಟವರು ತೀರಿಕೊಂಡರೆ ಅದು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಬರಿಯ ಜಿಪಿಎ ಮೇಲೆ ಒಡೆತನ ದಾಟುವುದಿಲ್ಲ ಎಂದು 2011ರ ಸೂರಜ್ ಲ್ಯಾಂಪ್ ತೀರ್ಪು ಸ್ಪಷ್ಟವಾಗಿ ಹೇಳಿದೆ. ಧನಿಯೊಂದಿಗೆ ಒಮ್ಮೆ ವಿಡಿಯೊ ಕರೆಯಲ್ಲಿ ಮಾತಾಡುವುದರಲ್ಲಿ ಯಾರ ಅವಮಾನವೂ ಇಲ್ಲ.

ದಾಖಲೆಗಳೇ ತಪ್ಪಿನಿಂದ ತುಂಬಿವೆ, ಓದಿ ಪ್ರಯೋಜನವೇನು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ತೀರಿಕೊಂಡವರ ಹೆಸರು ಆರ್‌ಟಿಸಿಯಲ್ಲಿ ದಶಕಗಟ್ಟಲೆ ಉಳಿದಿರುತ್ತದೆ. ವಿಸ್ತೀರ್ಣ ಆಕಾರ್‌ಬಂದ್‌ಗೂ ಸ್ಥಳಕ್ಕೂ ಹೊಂದುವುದಿಲ್ಲ. ತಪ್ಪಿದೆ ಎಂದು ಕೊಳ್ಳುವ ಮೊದಲು ಗೊತ್ತಾದರೆ ಅದನ್ನು ಸರಿಪಡಿಸುವ ಖರ್ಚು, ಓಡಾಟ ಮಾರುವವರದು. ಕ್ರಯಪತ್ರ ಆದ ಮೇಲೆ ಗೊತ್ತಾದರೆ ಕೊಂಡವರದು. ಸರಕಾರದ ಪಾಲಿನ ಕೆಲಸವೂ ಬಾಕಿ ಇದೆ. ಭೂಮಿ ಯೋಜನೆ ಎರಡು ದಶಕದ ಹಿಂದೆಯೇ ಆರ್‌ಟಿಸಿಯನ್ನು ಕಂಪ್ಯೂಟರಿಗೆ ತಂದಿತು. ಕಾವೇರಿಯಲ್ಲಿ ಆನ್‌ಲೈನ್ ಋಣಭಾರ ಪತ್ರ ಸಿಗುವುದು 2004ರಿಂದ ಈಚಿನದು. ಅದರ ಹಿಂದಿನ ಸೂಚಿಗಳಿಗೆ ಇಂದಿಗೂ ಕಚೇರಿಗೇ ಅರ್ಜಿ ಹಾಕಬೇಕು. 2024ರ ಸೆಪ್ಟೆಂಬರಿನಿಂದ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಬಹುದು ಎಂದಾಯಿತು. ಅನುಕೂಲವೇನೋ ಹೌದು, ಆದರೆ ಊರಿನ ಜಾಗಗಳ ಗುರುತು ಇದ್ದ ಕಚೇರಿಯ ಕಣ್ತಪ್ಪಿಸುವುದೂ ಸುಲಭವಾಯಿತು. ಭೂಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆ ಕಡತಗಳ ಸ್ಕ್ಯಾನಿಂಗ್ ನಡೆದಿದೆ. ಕರಾವಳಿಯ ಮಟ್ಟಿಗೆ ಭೂನ್ಯಾಯ ಮಂಡಳಿಯ ಕಡತಗಳಿಗೆ ಅದರಲ್ಲಿ ಮೊದಲ ಸ್ಥಾನ ಸಿಗಬೇಕು, ಸರ್ವೆ ನಂಬ್ರ ಹಾಕಿದರೆ ಆದೇಶ ತೆರೆದುಕೊಳ್ಳುವಂತಾಗಬೇಕು. ಕಾಪು ಬೇರೆ ತಾಲೂಕಾದ ಮೇಲೆ ಯಾವ ಹಳೆ ಕಡತ ಉಡುಪಿಯಲ್ಲಿ ಉಳಿಯಿತು, ಯಾವುದು ಅಲ್ಲಿಗೆ ಹೋಯಿತು ಎಂದು ಜನ ಅಲೆಯುವಂತಾಗಬಾರದು.

ಇಷ್ಟೆಲ್ಲ ಕಾಗದ ಓದಿ ಮುಗಿಸುವಷ್ಟರಲ್ಲಿ ಜಾಗ ಬೇರೆಯವರ ಪಾಲಾದರೆ? ಈ ಭಯವನ್ನು ಬ್ರೋಕರುಗಳು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಅಡ್ವಾನ್ಸ್ ಕೊಡಲೇಬೇಕಾದರೆ ಸಣ್ಣ ಮೊತ್ತ ಕೊಟ್ಟು, ಎರಡು ತಿಂಗಳ ಅವಧಿ ಇಟ್ಟು, ಹಕ್ಕಿನಲ್ಲಿ ದೋಷ ಕಂಡರೆ ಹಣ ಪೂರ್ತಿ ವಾಪಸ್ ಎಂದು ಎಗ್ರಿಮೆಂಟಿನಲ್ಲಿ ಬರೆಸಿಕೊಳ್ಳಬಹುದು. ಮೂಲದಾಖಲೆಗಳ ಪಟ್ಟಿಯನ್ನು ಅದಕ್ಕೇ ಲಗತ್ತಿಸಬಹುದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 1ರಿಂದ 2ಕ್ಕೆ ಏರಿರುವಾಗ, ನಲವತ್ತು ಲಕ್ಷದ ಜಾಗಕ್ಕೆ ಎಂಬತ್ತು ಸಾವಿರ ಅದಕ್ಕೇ ಹೋಗುತ್ತದೆ; ಅಷ್ಟು ಸುರಿಯುವ ಮೊದಲು ಹಕ್ಕು ಓದಿ ನೋಡುವುದು ಹೊರೆಯಲ್ಲ. ಎಗ್ರಿಮೆಂಟಿಗೆ ಹಣ ವಾಪಸಿನ ಷರತ್ತು ಸೇರಿಸಲು ಒಪ್ಪದವರ ಜಾಗ ಬೇರೆಯವರ ಪಾಲಾಗಲಿ.