ಜಾಝ್ ಸಂಗೀತವೂ ಲೇಖನಿಯೂ

ಜಾಝ್ ಎಂಬ ಅಮೆರಿಕಾ ದೇಶದ ಸಂಗೀತವನ್ನು ಕುರಿತು ನಮ್ಮ ವಿದ್ಯಾವಂತರ ಮನೆಗಳಲ್ಲಿ ಒಂದು ಮಾತು ರೂಢಿಯಾಗಿ ನಿಂತುಬಿಟ್ಟಿದೆ. ಅದು ಆಶುಸಂಗೀತ, ವಾದಕನು ಆ ಕ್ಷಣಕ್ಕೆ ಹೊಳೆದುದನ್ನು ಊದುವನು, ಬಾರಿಸುವನು, ಅದರಲ್ಲಿ ಬರೆಯತಕ್ಕದ್ದೇನೂ ಇಲ್ಲ, ಆದಕಾರಣ ಕಲಿಯತಕ್ಕದ್ದೂ ಇಲ್ಲವೆಂಬುದೇ ಆ ಮಾತು. ಮನೆಯ ಹುಡುಗನೊಬ್ಬನು ಐದಾರು ವಾದ್ಯಗಳ ಚಿಕ್ಕ ಜಾಝ್ ಮೇಳಕ್ಕೆ ಸಂಗೀತವನ್ನು ರಚಿಸುವುದನ್ನೂ ಅದನ್ನು ವಾದ್ಯಗಳಿಗೆ ಹಂಚಿ ಯೋಜಿಸುವುದನ್ನೂ ಕ್ರಮವಾಗಿ ಅಭ್ಯಾಸಮಾಡುವೆನೆಂದರೆ ಹಿರಿಯರು ನಗುತ್ತಾರೆ. ಅದು ತಿರಸ್ಕಾರದ ನಗೆಯಾಗಿದ್ದರೆ ಉತ್ತರ ಹೇಳುವುದು ಸುಲಭವಾಗಿತ್ತು. ಪಾಪ, ಅವರು ತಾವು ಜಾಝನ್ನು ಹೊಗಳುತ್ತಿದ್ದೇವೆಂದೇ ನಂಬಿದ್ದಾರೆ. ಈ ಹೊಗಳಿಕೆಯನ್ನೇ ನಾನು ಇಲ್ಲಿ ಆಕ್ಷೇಪಿಸಬೇಕೆಂದಿದ್ದೇನೆ.

ಕಲ್ಪಿತಸಂಗೀತ, ಮನೋಧರ್ಮಸಂಗೀತ ಎಂಬ ವಿಭಾಗವನ್ನು ಬಲ್ಲ ಜನ ನಾವು. ವಿದ್ವಾಂಸನು ಕೃತಿಯ ಒಂದು ಪಂಕ್ತಿಯನ್ನು ಹಿಡಿದು ನೆರವಲು ಮಾಡುವುದನ್ನು ಕೇಳಿ, ಇನ್ನು ಕೃತಿಯೇ ಬೇಡ, ವಾಗ್ಗೇಯಕಾರನೂ ಬೇಡವೆಂದು ನಮ್ಮಲ್ಲಿ ಯಾರೂ ಹೇಳರು. ಹಾಗಿರಲು ಜಾಝಿನ ವಿಷಯದಲ್ಲಿ ಮಾತ್ರ ಈ ವಿವೇಕವು ಎಲ್ಲಿ ಅಡಗಿಹೋಗುವುದೋ ತಿಳಿಯದು.

ಒಂದು ನಿದರ್ಶನವನ್ನು ಕೊಡುತ್ತೇನೆ. 1961ನೆಯ ಇಸವಿ ಫೆಬ್ರವರಿ 23ರಂದು ಆಲಿವರ್ ನೆಲ್ಸನ್ ಎಂಬಾತನು ಏಳು ಮಂದಿಯ ಮೇಳವನ್ನು ಕೂಡಿಸಿಕೊಂಡು 'ದಿ ಬ್ಲೂಸ್ ಅಂಡ್ ದಿ ಆಬ್‌ಸ್ಟ್ರಾಕ್ಟ್ ಟ್ರೂತ್' ಎಂಬ ಧ್ವನಿಮುದ್ರಿಕೆಯನ್ನು ಮಾಡಿದನು. ಅದರಲ್ಲಿ ಎರಿಕ್ ಡಾಲ್ಫಿ, ಫ್ರೆಡ್ಡಿ ಹಬ್ಬರ್ಡ್, ಬಿಲ್ ಇವಾನ್ಸ್ ಮೊದಲಾದ ಆಶುವಾದನದ ಧೀರರಿದ್ದರು. ಇವರ ನಡುವೆ ಜಾರ್ಜ್ ಬ್ಯಾರೋ ಎಂಬ ಬ್ಯಾರಿಟೋನ್ ಸ್ಯಾಕ್ಸೊಫೋನ್ ವಾದಕನೂ ಇದ್ದನು. ಇಡೀ ಮುದ್ರಿಕೆಯಲ್ಲಿ ಈತನದು ಒಂದೇ ಒಂದು ಆಶುವಾದನವೂ ಇಲ್ಲ. ಜಾಝೆಂದರೆ ಆಶುವಾದನವೇ ಸರಿಯೆಂಬುವರು, ಈ ಮನುಷ್ಯನು ಅಲ್ಲಿಗೇಕೆ ಬಂದಿದ್ದನೆಂಬುದನ್ನು ಹೇಳಲಿ. ನೆಲ್ಸನ್ನನು ನಾಲ್ಕು ಸುಷಿರವಾದ್ಯಗಳಿಗೆಂದು ಬರೆದ ಸ್ವರಗುಚ್ಛಗಳ ತಳವನ್ನು ಹೊರುವುದಕ್ಕಾಗಿ ಬಂದಿದ್ದನು. ಆ ಮುದ್ರಿಕೆಯ ಮೊದಲ ರಚನೆಯಾದ 'ಸ್ಟೋಲನ್ ಮೊಮೆಂಟ್ಸ್' ಎಂಬುದರ ಪಲ್ಲವಿ 16 ತಾಳಖಂಡಗಳದು. ಆಶುವಾದನವು ನಡೆಯುವುದು 12 ಖಂಡಗಳ ಬ್ಲೂಸ್ ಚೌಕಟ್ಟಿನ ಮೇಲೆ. ಹೀಗೆ ಅಳತೆಯನ್ನು ಬದಲಾಯಿಸಿದ್ದು ಕ್ಷಣದ ಹೊಳಹಲ್ಲ, ಲೇಖನಿಯ ತೀರ್ಮಾನ.

ಈ ರೂಢಿಯ ಮಾತಿನ ಹಿಂದೆ ಇನ್ನೂ ಕಹಿಯಾದ ಸಂಗತಿಯೊಂದು ಅಡಗಿದೆ. ಜಾಝನ್ನು ಹುಟ್ಟಿಸಿ ಬೆಳೆಸಿದವರು ಬಹುಮಟ್ಟಿಗೆ ಅಮೆರಿಕದ ಕಪ್ಪುಜನರು. ಇವರಿಗೆ ಸಂಗೀತವು ರಕ್ತದಲ್ಲಿಯೇ ಬಂದದ್ದು, ಹಕ್ಕಿ ಹಾಡುವಂತೆ ಹಾಡುತ್ತಾರೆಂದು ಬಿಳಿಯ ವಿಮರ್ಶಕರನೇಕರು ಬಹುಕಾಲ ಬರೆದರು. ಮೇಲುನೋಟಕ್ಕೆ ಎಂತಹ ಪ್ರಶಂಸೆ! ಆದರೆ ಹಕ್ಕಿಗೆ ಕೃತಿಸ್ವಾಮ್ಯವುಂಟೆ? ಹಕ್ಕಿಯು ರಾತ್ರಿಯೆಲ್ಲ ಕುಳಿತು ಕಾಗದದ ಮೇಲೆ ಅಳಿಸಿ ಅಳಿಸಿ ಬರೆದುದೆಂದು ಯಾರಾದರೂ ಒಪ್ಪುವರೆ? ನ್ಯೂ ಆರ್ಲಿಯನ್ಸಿನ ಜೆಲ್ಲಿ ರೋಲ್ ಮಾರ್ಟನ್ನನ ರಚನೆಯೊಂದು 1915ರಷ್ಟು ಹಿಂದೆಯೇ ಅಚ್ಚಾಗಿತ್ತು. 1926ರ ಸೆಪ್ಟೆಂಬರಿನಲ್ಲಿ ಷಿಕಾಗೋ ನಗರದಲ್ಲಿ ಆತನು ಏಳು ವಾದಕರಿಂದ ನುಡಿಸಿದ 'ಬ್ಲ್ಯಾಕ್ ಬಾಟಮ್ ಸ್ಟಾಂಪ್' ಎಂಬುದನ್ನು ಕೇಳಿರಿ. ಸುಮಾರು ಮೂರು ನಿಮಿಷಗಳಲ್ಲಿ ಮೇಳವೆಲ್ಲ ಒಟ್ಟಾಗಿ ನುಡಿಯುವುದು, ಒಬ್ಬನನ್ನು ಮುಂದೆ ಬಿಟ್ಟು ಉಳಿದವರು ಸರಿಯುವುದು, ಎಲ್ಲರೂ ತಟ್ಟನೆ ನಿಂತು ಒಂದೇ ವಾದ್ಯವು ಎರಡು ಖಂಡಗಳನ್ನು ದಾಟುವುದು ಇವೆಲ್ಲ ಗಡಿಯಾರದಂತೆ ನಡೆಯುತ್ತವೆ. ಇದನ್ನು ರಕ್ತದ ಗುಣವೆಂದು ಹೇಳುವುದು ಒಬ್ಬ ಗ್ರಂಥಕರ್ತನಿಂದ ಅವನ ಗ್ರಂಥವನ್ನು ಕಸಿದುಕೊಂಡಂತೆ.

ಮೇರಿ ಲೂ ವಿಲಿಯಮ್ಸ್ ಎಂಬ ಮಹಿಳೆಯ ಚರಿತ್ರೆಯೂ ಇಂತಹದೇ. ಆಂಡಿ ಕರ್ಕನ ಮೇಳದಲ್ಲಿ ಪಿಯಾನೋ ನುಡಿಸುತ್ತಿದ್ದ ಆಕೆಗೆ ಮೊದಲು ಸ್ವರಲಿಪಿಯನ್ನು ಬರೆಯಲು ಬಾರದು. ಆಕೆ ಹೇಳಿದುದನ್ನು ಕರ್ಕನು ಬರೆದುಕೊಳ್ಳುತ್ತಿದ್ದನು. ಕೆಲಕಾಲದಲ್ಲಿಯೇ ಆಕೆ ತಾನೇ ಬರೆಯಲು ಕಲಿತು ಆ ಮೇಳದ ಮುಖ್ಯ ಯೋಜಕಿಯಾದಳು. 1945ರಲ್ಲಿ ಹನ್ನೆರಡು ರಾಶಿಗಳ ಹೆಸರಿನಲ್ಲಿ ಹನ್ನೆರಡು ಖಂಡಗಳ ದೀರ್ಘಕೃತಿಯೊಂದನ್ನು ರಚಿಸಿದಳು. ಆ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಂನಲ್ಲಿದ್ದ ಆಕೆಯ ಮನೆಯು ಥೆಲೋನಿಯಸ್ ಮಂಕ್, ಬಡ್ ಪವೆಲ್, ಟ್ಯಾಡ್ ಡ್ಯಾಮರನ್ ಮೊದಲಾದ ತರುಣರಿಗೆ ಗುರುಕುಲದಂತಿತ್ತು. ಅದೇ ಊರಿನಲ್ಲಿ ಗಿಲ್ ಇವಾನ್ಸನ ನೆಲಮಾಳಿಗೆಯ ಕೋಣೆಯಲ್ಲಿ ನಡೆದ ಚರ್ಚೆಗಳಿಂದ ಮೈಲ್ಸ್ ಡೇವಿಸನ ಒಂಬತ್ತು ವಾದ್ಯಗಳ ಮೇಳವು ರೂಪುಗೊಂಡಿತು. 1948ರಲ್ಲಿ ಆ ಮೇಳವು ರಾಯಲ್ ರೂಸ್ಟ್ ಎಂಬಲ್ಲಿ ನುಡಿಸಿದಾಗ ಹೊರಗಿನ ಫಲಕದಲ್ಲಿ ಯೋಜಕರ ಹೆಸರುಗಳನ್ನೂ ಬರೆಸಿದ್ದರು. ಲೇಖನಿಯ ಕೆಲಸಕ್ಕೆ ಬಾಗಿಲಲ್ಲಿಯೇ ಗೌರವ ಸಂದುದು ಅಪರೂಪ. ಅದಕ್ಕಾಗಿ ಡೇವಿಸನನ್ನು ಮೆಚ್ಚಬೇಕು.

ಹಾಗಾದರೆ ಕಲಿಯತಕ್ಕದ್ದೇನು? ಟ್ರಂಪೆಟ್, ಟೆನರ್ ಸ್ಯಾಕ್ಸೊಫೋನ್, ಪಿಯಾನೋ, ಬಾಸ್, ಮದ್ದಳೆಗಳು—ಈ ಐದರ ಮೇಳವನ್ನೇ ತೆಗೆದುಕೊಳ್ಳೋಣ. ಸ್ವರಗುಚ್ಛದ ಮೂಲಸ್ವರವನ್ನು ಬಾಸ್ ನುಡಿಸುತ್ತಲೇ ಇರುವುದಷ್ಟೆ. ಅದನ್ನು ಮತ್ತೆ ಸುಷಿರವಾದ್ಯಕ್ಕೆ ಕೊಡುವುದು ದುಂದುಗಾರಿಕೆ. ಉಳಿದ ಎರಡು ವಾದ್ಯಗಳಿಗೆ ಮೂರನೆಯ ಸ್ವರವನ್ನೂ ಏಳನೆಯ ಸ್ವರವನ್ನೂ ಕೊಟ್ಟರೆ ಗುಚ್ಛದ ಲಕ್ಷಣವೆಲ್ಲ ಕಿವಿಗೆ ಸ್ಪಷ್ಟವಾಗುವುದು. ಡಿ ಮೈನರ್ ಗುಚ್ಛದಿಂದ ಜಿ ಗುಚ್ಛಕ್ಕೆ ಹೋಗುವಾಗ ಮೊದಲಿನದರ ಏಳನೆಯ ಸ್ವರವು ಅರ್ಧಸ್ವರ ಕೆಳಗಿಳಿದು ಮುಂದಿನದರ ಮೂರನೆಯದಾಗುತ್ತದೆ. ಮೂರನೆಯದು ಇದ್ದಲ್ಲಿಯೇ ಇದ್ದು ಏಳನೆಯದಾಗುತ್ತದೆ. ಎರಡೇ ಗೆರೆಗಳು, ಒಂದು ಕದಲದು, ಇನ್ನೊಂದು ಒಂದೇ ಮೆಟ್ಟಿಲು ಇಳಿಯುವುದು! ಇದರ ಸೊಗಸನ್ನು ಕಂಡವನಿಗೆ ದೊಡ್ಡ ವಾದ್ಯವೃಂದದ ಆಸೆಯು ಕೆಲಕಾಲ ಹುಟ್ಟದು. ಇದಲ್ಲದೆ ಟ್ರಂಪೆಟ್ಟಿಗೆ ಬರೆದ ಸ್ವರವು ಒಂದು ಸ್ವರದಷ್ಟು ಕೆಳಗೆ ಕೇಳಿಸುವುದನ್ನೂ, ಟೆನರಿಗೆ ಬರೆದುದು ಅದಕ್ಕಿಂತಲೂ ಒಂದು ಸ್ಥಾಯಿ ಕೆಳಗೆ ಕೇಳಿಸುವುದನ್ನೂ ಲೆಕ್ಕಹಾಕಿ ಬರೆಯಬೇಕು. ತಪ್ಪಿದರೆ ಅಭ್ಯಾಸದ ದಿನ ಅದು ಕಿವಿಗೇ ತಿಳಿಯುವುದು.

ಈಗ ಗಣಕಯಂತ್ರದಲ್ಲಿ ಬರೆದರೆ ಯಂತ್ರವೇ ನುಡಿಸಿ ತೋರಿಸುತ್ತದೆ, ಇನ್ನು ಈ ಕಷ್ಟವೇಕೆಂದು ಕೆಲವರು ಕೇಳುತ್ತಾರೆ. ಯಂತ್ರದ ಟ್ರಂಪೆಟ್ಟಿಗೆ ಉಸಿರು ಬೇಕಿಲ್ಲ, ತುಟಿ ಸೋಲದು, ಅತ್ಯುಚ್ಚ ಸ್ವರವನ್ನೂ ಅದು ಪಿಸುಮಾತಿನಂತೆ ನುಡಿಸಬಲ್ಲದು. ಯಂತ್ರದ ಎದುರಿನಲ್ಲಿಯೇ ಕಲಿತವನ ಪುಟವನ್ನು ಮನುಷ್ಯನ ಕೈಗೆ ಕೊಟ್ಟರೆ ಆತನು ಎಂಟನೆಯ ಖಂಡದಲ್ಲಿ ಕೆಂಪೇರಿ ನಿಲ್ಲುತ್ತಾನೆ. ಬರೆದುದನ್ನು ಮೊದಲ ವಾರದಿಂದಲೇ ಮನುಷ್ಯರಿಂದ ನುಡಿಸಿ ಕೇಳಬೇಕು. ಹಳೆಯ ಮುದ್ರಿಕೆಗಳನ್ನು ಕೇಳಿ ಒಂದೊಂದು ವಾದ್ಯದ ಸ್ವರವನ್ನೂ ಕಿವಿಯಿಂದಲೇ ಹೆಕ್ಕಿ ಬರೆದುಕೊಳ್ಳಬೇಕು. ನಿಧಾನದ ಕೆಲಸ, ಬೇರೆ ಹಾದಿಯನ್ನು ನಾನರಿಯೆ.

ಪ್ರತಿಪಕ್ಷದವರ ಕೈಯಲ್ಲಿ ಇನ್ನೂ ಎರಡು ಬಾಣಗಳಿವೆ. ಚಾರ್ಲ್ಸ್ ಮಿಂಗಸ್ಸನು 1956ರಲ್ಲಿ 'ಪಿಥೆಕಾಂತ್ರೋಪಸ್ ಇರೆಕ್ಟಸ್' ಎಂಬ ಮುದ್ರಿಕೆಗಾಗಿ ತನ್ನ ಐವರ ಮೇಳಕ್ಕೆ ಕಾಗದವನ್ನು ಕೊಡದೆ ಕಿವಿಯಿಂದಲೇ ಪಾಠ ಹೇಳಿದನು, ನಿಜ. ನಮ್ಮ ಗುರುಗಳೂ ಹಾಗೆಯೇ ಹೇಳುತ್ತಿದ್ದರಲ್ಲವೆ? ಅದರಿಂದ ಕೃತಿಗೆ ಕರ್ತನಿಲ್ಲವೆಂದಾಯಿತೆ? ಎರಡನೆಯದು ಡೇವಿಸನ 1959ರ 'ಕೈಂಡ್ ಆಫ್ ಬ್ಲೂ.' ಅದಕ್ಕೆ ಸ್ವಲ್ಪವೇ ಬರೆದಿದ್ದರೆಂಬುದೂ ನಿಜವೇ. ಆದರೆ ಅದರ ಮೊದಲ ರಚನೆಯನ್ನು ಗಮನವಿಟ್ಟು ಕೇಳಬೇಕು: 16 ಖಂಡಗಳು ಒಂದು ಸ್ವರಶ್ರೇಣಿಯಲ್ಲಿ, ಮುಂದಿನ 8 ಅದನ್ನೇ ಅರ್ಧಸ್ವರ ಮೇಲಕ್ಕೆತ್ತಿ, ಕಡೆಯ 8 ಮರಳಿ ಮೊದಲಿನಲ್ಲಿ. ಬಾಸ್ ವಾದ್ಯವು ಪ್ರಶ್ನೆ ಕೇಳುವುದು. ಎರಡೇ ಸ್ವರಗುಚ್ಛಗಳ ಉತ್ತರವನ್ನು ಮೊದಲು ಪಿಯಾನೋ ಹೇಳುವುದು, ಆಮೇಲೆ ಮೂರು ಸುಷಿರವಾದ್ಯಗಳೂ ಬಂದು ಕೂಡಿ ಅದನ್ನೇ ಹೇಳುವುವು.